ಎದುರುಮನೆಯಿಂದ ಶುರುಮಾಡಿ: ಸಾರ್ವಜನಿಕ ಶೌಚಾಲಯಕ್ಕಾಗಿ ಬಾಗಿಲು ತಟ್ಟುವ ಕ್ರಮ

ಸಾರ್ವಜನಿಕ ಶೌಚಾಲಯವೇ ಬೇಡ ಅನ್ನುವವರು ಸಿಗುವುದು ಅಪರೂಪ. ನಮ್ಮ ಮನೆ ಮುಂದೆ ಬೇಡ ಅನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರ ಮಾತನ್ನು ಸ್ವಲ್ಪ ಕೆದಕಿದರೆ ಒಳಗೊಂದು ‘ರೆ’ ಇರುತ್ತದೆ: ನಾರದಿದ್ದರೆ, ರಾತ್ರಿ ಬೀಗ ಬಿದ್ದರೆ, ದೂರು ಕೊಟ್ಟಾಗ ಯಾರಾದರೂ ಬಂದರೆ. ಈ ‘ರೆ’ಗಳನ್ನು ಒಂದೊಂದಾಗಿ ಬರೆದುಕೊಂಡು, ಸ್ಥಳೀಯ ಆಡಳಿತದ ಮುಂದೆ ಷರತ್ತುಗಳಾಗಿ ಇಡುವುದೇ ಮನೆಮನೆ ಭೇಟಿಯ ಅಸಲು ಕೆಲಸ. ಸಹಿ ಸಂಗ್ರಹ ಜೊತೆಗೆ ಬರುವ ಲಾಭ, ಅಷ್ಟೆ. ವಾದ ಮಾಡಿ ಗೆಲ್ಲಲು ಹೊರಡಬೇಡಿ. ವಾದದಲ್ಲಿ ಸೋತವರು ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತಾರೆಯೇ ಹೊರತು ಒಪ್ಪುವುದಿಲ್ಲ, ಆ ಸಿಟ್ಟು ಅಹವಾಲು ಸಭೆಯ ದಿನ ಮೈಕಿನ ಮುಂದೆ ಹೊರಬರುತ್ತದೆ.

ಹೊರಡುವ ಮೊದಲು ಎಣಿಸಿ

ಕೈಯಲ್ಲಿ ನಿಮ್ಮದೇ ಲೆಕ್ಕ ಇಲ್ಲದೆ ಯಾರ ಬಾಗಿಲಿಗೂ ಹೋಗಬೇಡಿ. ಒಂದೇ ಜಾಗ ಹಿಡಿದುಕೊಂಡೂ ಹೋಗಬೇಡಿ. ಒಂದೇ ಜಾಗ ತೋರಿಸಿದರೆ ಎದುರಿನವರಿಗೆ ಹೌದು, ಇಲ್ಲ ಎಂಬ ಎರಡೇ ಉತ್ತರ ಉಳಿಯುತ್ತದೆ. ಎರಡು ಮೂರು ಜಾಗ ತೋರಿಸಿದರೆ ‘ಇದಕ್ಕಿಂತ ಅದು ವಾಸಿ’ ಅನ್ನುವ ಮಾತು ಬರುತ್ತದೆ. ಆ ಮಾತು ಬಂತೆಂದರೆ ಅವರು ಯೋಜನೆಯ ಒಳಗೆ ಕಾಲಿಟ್ಟ ಹಾಗೆ.

ಪ್ರತಿ ಜಾಗದಲ್ಲಿ ನಿಂತು ಹಾದುಹೋಗುವವರನ್ನು 15 ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು. ಒಂದು ಕೆಲಸದ ದಿನ, ಒಂದು ರಜೆಯ ದಿನ. ಮೂರು ಜಾಗಕ್ಕೆ ಒಟ್ಟು 18 ಎಣಿಕೆ, ಅಂದರೆ ನಾಲ್ಕೂವರೆ ಗಂಟೆಯ ಕೆಲಸ. ಇಬ್ಬರು ಹಂಚಿಕೊಂಡರೆ ಒಂದು ವಾರದಲ್ಲಿ ಆರಾಮಾಗಿ ಮುಗಿಯುತ್ತದೆ. ಎಣಿಸುವಾಗ ವಯಸ್ಸಾದವರು, ಮಕ್ಕಳ ಕೈಹಿಡಿದವರು, ಗಾಲಿಕುರ್ಚಿ ಅಥವಾ ಊರುಗೋಲು ಬಳಸುವವರು ಎಂದು ಬೇರೆ ಬೇರೆ ಗೆರೆ ಹಾಕಿ. ಮೂತ್ರದ ಕಲೆ ಬಿದ್ದ ಗೋಡೆ, ಮೂಲೆ, ಮರದ ಬುಡಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. ಶೌಚಾಲಯ ಬಂದರೆ ಗಲೀಜಾಗುತ್ತದೆ ಅನ್ನುವವರಿಗೆ ಗಲೀಜು ಈಗಲೇ ಎಲ್ಲಿದೆ ಎಂದು ತೋರಿಸಲು ಆ ನಕ್ಷೆ ಸಾಕು.

ಈಗಿರುವ ಅತಿ ಹತ್ತಿರದ ಸಾರ್ವಜನಿಕ ಶೌಚಾಲಯಕ್ಕೆ ನಡೆದೇ ಹೋಗಿ, ನಿಧಾನವಾಗಿ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ನಡೆಯುವ ವೃದ್ಧರಿಗೆ 400 ಮೀಟರ್ ದಾಟಲು 8 ನಿಮಿಷ ಬೇಕು, ಹೋಗಿ ಬರಲು 16. ಫಲಕದಲ್ಲಿ ಬರೆದ ಸಮಯಕ್ಕೆ ಅದರ ಬಾಗಿಲು ನಿಜಕ್ಕೂ ತೆರೆದಿರುತ್ತದೆಯೇ ಎಂದು ಮೂರು ಬಾರಿ ಹೋಗಿ ನೋಡಿ ದಿನಾಂಕ, ಸಮಯದೊಂದಿಗೆ ಬರೆದಿಡಿ. ನಕ್ಷೆಯಲ್ಲಿ ಇರುವ ಶೌಚಾಲಯಕ್ಕೂ ಬಳಸಲು ಸಿಗುವ ಶೌಚಾಲಯಕ್ಕೂ ವ್ಯತ್ಯಾಸವಿದೆ, ಅಧಿಕಾರಿಗಳು ಮೊದಲನೆಯದನ್ನೇ ಎಣಿಸುತ್ತಾರೆ.

ಅಂಗಡಿಯವರಿಂದ ಸಿಗುವ ಲೆಕ್ಕ ಎಲ್ಲಕ್ಕಿಂತ ಗಟ್ಟಿ. ಸುತ್ತಲಿನ ನಾಲ್ಕೈದು ಅಂಗಡಿಗಳ ಗಲ್ಲಾದ ಪಕ್ಕ ಒಂದು ಚೀಟಿ ಅಂಟಿಸಿ, ‘ಟಾಯ್ಲೆಟ್ ಇದೆಯಾ?’ ಎಂದು ಯಾರಾದರೂ ಕೇಳಿದಾಗಲೆಲ್ಲ ಒಂದು ಗೆರೆ ಎಳೆಯಲು ಹೇಳಿ. ಒಂದು ವಾರ ಸಾಕು. ಸಂಖ್ಯೆ ಸಿಗುವುದು ಒಂದು ಲಾಭ. ತಾವೇ ಗೆರೆ ಎಳೆದವರು ಮುಂದೆ ಆ ಸಂಖ್ಯೆಯ ಪರ ನಿಲ್ಲುತ್ತಾರೆ, ಅದು ಇನ್ನೂ ದೊಡ್ಡದು.

ಯಾವ ಬಾಗಿಲು ಮೊದಲು

ನಕ್ಷೆಯ ಮೇಲೆ ಪ್ರತಿ ಜಾಗಕ್ಕೂ ಮೂರು ಸುತ್ತು ಎಳೆಯಿರಿ. ಮೊದಲನೆಯದು 50 ಮೀಟರ್. ಇನ್ನೂ ದೂರದಲ್ಲಿದ್ದರೂ ಶೌಚಾಲಯದ ಬಾಗಿಲು ಕಿಟಕಿಯಿಂದ ನೇರ ಕಾಣುವ ಮನೆಗಳಿದ್ದರೆ ಅವೂ ಈ ಸುತ್ತಿಗೇ ಸೇರುತ್ತವೆ. ಎರಡನೆಯದು 150 ಮೀಟರ್. ಮೂರನೆಯದು 400 ಮೀಟರ್, ಅಂದರೆ ಅದನ್ನು ಬಳಸುವ ಸಂಭವವಿರುವ ಮನೆಗಳು.

ಮೊದಲ ಸುತ್ತಿನ ಎಲ್ಲ ಬಾಗಿಲೂ ಮುಗಿಯುವ ತನಕ ಕರಪತ್ರ ಹಂಚಬೇಡಿ, ಪೋಸ್ಟರ್ ಅಂಟಿಸಬೇಡಿ, ಪತ್ರಿಕೆಗೆ ಹೇಳಬೇಡಿ, ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಈ ಬರಹದಲ್ಲಿ ಒಂದೇ ಒಂದು ನಿಯಮ ಪಾಲಿಸುವುದಾದರೆ ಇದನ್ನು ಪಾಲಿಸಿ. ತನ್ನ ಮನೆಯೆದುರು ಏನು ಬರಲಿದೆ ಎಂದು ಬೇರೆಯವರಿಂದ ಕೇಳಿ ತಿಳಿದವರು ಶೌಚಾಲಯವನ್ನಲ್ಲ, ತನಗೆ ಹೇಳದೆ ಮಾಡಿದ್ದನ್ನು ವಿರೋಧಿಸುತ್ತಾರೆ. ಆ ಮೇಲೆ ಎಷ್ಟು ವಿವರಿಸಿದರೂ ‘ಎಲ್ಲ ಮೊದಲೇ ತೀರ್ಮಾನವಾಗಿದೆ’ ಎಂಬ ಗುಮಾನಿ ಹೋಗುವುದಿಲ್ಲ. ಬಾಗಿಲು ತೆರೆಯದ ಮನೆಗೆ ಮೂರು ಬಾರಿ, ಮೂರು ಬೇರೆ ಹೊತ್ತಿನಲ್ಲಿ ಹೋಗಿ. ಮೂರನೆಯ ಸಲವೂ ಸಿಗದಿದ್ದರೆ ಕೈಬರಹದ ಚೀಟಿ ಬಿಟ್ಟು ಬನ್ನಿ. ಅಂಚೆಪೆಟ್ಟಿಗೆಯೊಳಗೆ ಹಾಕುವ ಮೊದಲು ಅಲ್ಲಿನ ನಿಯಮ ನೋಡಿಕೊಳ್ಳಿ. ಅಮೆರಿಕದಂಥ ದೇಶದಲ್ಲಿ ಅಂಚೆಚೀಟಿಯಿಲ್ಲದ ಕಾಗದವನ್ನು ಪೆಟ್ಟಿಗೆಗೆ ಹಾಕುವುದು ಕಾನೂನಿಗೆ ವಿರುದ್ಧ.

ಬಾಡಿಗೆಯವರನ್ನು ಬಿಟ್ಟು ಮಾಲೀಕರನ್ನು ಮಾತ್ರ ಹುಡುಕುವುದು ಹಲವರು ಮಾಡುವ ತಪ್ಪು. ಅಲ್ಲಿ ದಿನಾ ಉಸಿರಾಡುವವರು ಬಾಡಿಗೆಯವರು. ಬೇರೆ ಕಡೆ ಇರುವ ಮಾಲೀಕರಿಗೆ ಪತ್ರ ಬರೆಯಿರಿ. ವಸತಿ ಸಮುಚ್ಚಯಗಳಲ್ಲಿ ಸಂಘದ ಕಾರ್ಯದರ್ಶಿಯ ಅನುಮತಿ ಪಡೆದೇ ಒಳಗೆ ಹೋಗಿ, ಕಾವಲುಗಾರನ ಕಣ್ಣು ತಪ್ಪಿಸಿ ಹೋದರೆ ಎರಡನೇ ಮಹಡಿಗೆ ಬರುವಷ್ಟರಲ್ಲಿ ದೂರು ನಿಮ್ಮ ಮೇಲೆಯೇ ಬಿದ್ದಿರುತ್ತದೆ.

ಜೋಡಿ, ಸಮಯ, ಚೀಲ

ಇಬ್ಬಿಬ್ಬರಾಗಿ ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆಯಲಿ. ಮಾತಾಡುವವರೇ ಬರೆದರೆ ಎದುರಿನವರಿಗೆ ಹೇಳಿಕೆ ಕೊಟ್ಟ ಹಾಗೆ ಅನ್ನಿಸಿ ಬಾಯಿ ಕಟ್ಟುತ್ತದೆ. ಜೋಡಿಯಲ್ಲಿ ಒಬ್ಬ ಹೆಂಗಸಾದರೂ ಇರಲಿ. ಶೌಚದ ವಿಷಯವನ್ನು ಅಪರಿಚಿತ ಗಂಡಸಿನ ಮುಂದೆ ಮಾತಾಡುವ ಹೆಂಗಸರು ಕಡಿಮೆ, ಹೊರಗೆ ಹೋದಾಗ ಹೆಚ್ಚು ಕಷ್ಟಪಡುವವರೂ ಅವರೇ. ಮೂರು ಜನ ಹೋದರೆ ದಂಡು ಬಂದಂತೆ ಕಾಣುತ್ತದೆ.

ಸಂಜೆ, ರಾತ್ರಿ ಊಟಕ್ಕೆ ಮುಂಚಿನ ಎರಡು ಗಂಟೆ ಮತ್ತು ರಜೆಯ ದಿನ ಬೆಳಿಗ್ಗೆ ಹತ್ತರ ನಂತರ ಒಳ್ಳೆಯ ಹೊತ್ತು. ಕತ್ತಲಾದ ಮೇಲೆ ಬೇಡ. ಮಾತು 5ರಿಂದ 10 ನಿಮಿಷ ನಡೆಯುವುದರಿಂದ, ಸಿಗದ ಮನೆಗಳನ್ನೂ ಸೇರಿಸಿ ಒಂದು ಜೋಡಿಗೆ ಎರಡು ಗಂಟೆಯಲ್ಲಿ 20 ಬಾಗಿಲು ಎಂದು ಯೋಜನೆ ಹಾಕಿ, ಹೆಚ್ಚು ಹಾಕಬೇಡಿ. ಮೂರು ಸುತ್ತಿನಲ್ಲಿ 300 ಬಾಗಿಲಿದ್ದರೆ 15 ಸರದಿ. ಮೂರು ಜೋಡಿಗಳಿಗೆ ತಲಾ ಐದು ಸರದಿ. ಎರಡು ಗಂಟೆಯ ಮೇಲೆ ಯಾರೂ ದುಡಿಯಬಾರದು, ಮೂರನೇ ಗಂಟೆಯಲ್ಲಿ ಕೇಳುವ ತಾಳ್ಮೆ ಹೋಗಿ ಕಂಠಪಾಠ ಶುರುವಾಗುತ್ತದೆ.

ಚೀಲದಲ್ಲಿ ಇರಬೇಕಾದದ್ದು: ಎಷ್ಟು ಅಡಿ ದೂರ ಎಂದು ಬೆರಳಿಟ್ಟು ತೋರಿಸಬಹುದಾದ ಅಳತೆಯ ನಕ್ಷೆ, ಒಂದೇ ಪುಟದ ವಿವರಪತ್ರ, ದಾಖಲೆ ಹಾಳೆ, ಗಟ್ಟಿ ಹಲಗೆ, ಎರಡು ಪೆನ್ನು, ಹೆಸರಿನ ಬಿಲ್ಲೆ, ಅಳತೆ ಟೇಪು. ಟೇಪು ಯಾಕೆಂದರೆ ‘ನಮ್ಮ ಗೇಟಿಗೆ ಅಂಟಿಕೊಂಡೇ ಇದೆ’ ಎಂದವರ ಜೊತೆ ಹೋಗಿ ಅಳೆದು ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಿವರಪತ್ರದ ಅಕ್ಷರ 14 ಪಾಯಿಂಟಿಗಿಂತ ಚಿಕ್ಕದಾಗಬಾರದು, ಓದಬೇಕಾದವರಲ್ಲಿ ಅನೇಕರು ಕನ್ನಡಕ ಹುಡುಕುವವರು. ನೀಲಿ ಆಕಾಶ, ಹಸಿರು ಮರ, ನಗುವ ಕುಟುಂಬ ಇರುವ ಕಲಾವಿದರ ಚಿತ್ರ ಹಾಕಬೇಡಿ. ಅದನ್ನು ನೋಡಿದ ಕೂಡಲೇ ಜನ ಯಾವುದೋ ಕಂಪನಿಯ ಜಾಹೀರಾತು ಎಂದು ಮಡಿಚಿಡುತ್ತಾರೆ.

ಬಾಗಿಲಲ್ಲಿ

ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ಒಳಗಿನಿಂದ ಕಾಣುವ ಹಾಗೆ ನಿಲ್ಲಿ. ಕಿಟಕಿಯಲ್ಲಿ ಇಣುಕಬೇಡಿ. ಅರ್ಧ ನಿಮಿಷ ಕಾದು ಇನ್ನೊಮ್ಮೆ ತಟ್ಟಿ, ಆಮೇಲೆ ಹೊರಡಿ. ‘ಮಾರಾಟಗಾರರಿಗೆ ಪ್ರವೇಶವಿಲ್ಲ’ ಎಂಬ ಫಲಕ ನಿಮಗೆ ಅನ್ವಯಿಸದಿರಬಹುದು, ಆದರೂ ತಟ್ಟದೆ ಚೀಟಿ ಬಿಟ್ಟು ಬರುವುದೇ ಸರಿ.

ಮೊದಲ ಮಾತು 20 ಸೆಕೆಂಡಿನಲ್ಲಿ ಮುಗಿಯಬೇಕು: ನಾವು ಯಾರು, ಏನೂ ಮಾರುತ್ತಿಲ್ಲ, ದುಡ್ಡು ಕೇಳುತ್ತಿಲ್ಲ, ಯಾಕೆ ಬಂದೆವು. ‘ನಮಸ್ಕಾರ. ನಾವು ಇದೇ ಬಡಾವಣೆಯವರು. ಬಸ್ ನಿಲ್ದಾಣದ ಹತ್ತಿರ ಸಾರ್ವಜನಿಕ ಶೌಚಾಲಯ ಬೇಕೆಂದು ಕೇಳಬೇಕು ಅಂತಿದ್ದೇವೆ. ಏನೂ ತೀರ್ಮಾನವಾಗಿಲ್ಲ. ಹತ್ತಿರದ ಮನೆಯವರು ನೀವು, ಮೊದಲು ನಿಮ್ಮನ್ನೇ ಕೇಳೋಣ ಅಂತ ಬಂದೆವು.’ ಕೊನೆಯ ವಾಕ್ಯ ಸುಳ್ಳಾಗಿರಬಾರದು. ಹಿಂದಿನ ವಾರವೇ ಅಧಿಕಾರಿಗೆ ಮನವಿ ಕೊಟ್ಟು ಬಂದು ಇಲ್ಲಿ ಹಾಗೆ ಹೇಳಿದರೆ ಅದು ಹೊರಬೀಳಲು ಹತ್ತು ದಿನ ಬೇಡ.

ಪದಗಳ ವಿಷಯ. ‘ಶೌಚಾಲಯ’ ಅರ್ಜಿಗೆ ಸರಿ, ಬಾಗಿಲಲ್ಲಿ ತುಸು ಸರ್ಕಾರಿ. ‘ಟಾಯ್ಲೆಟ್’ ಎಲ್ಲರಿಗೂ ಸಲೀಸು. ಹಿರಿಯರೊಂದಿಗೆ ‘ಜಲಬಾಧೆ’ ಅಂದರೆ ಅವರೂ ಮುಜುಗರವಿಲ್ಲದೆ ಮಾತಿಗೆ ಬರುತ್ತಾರೆ, ಮಕ್ಕಳಿರುವ ಮನೆಯಲ್ಲಿ ‘ಒಂದಕ್ಕೆ, ಎರಡಕ್ಕೆ’ ಸಾಕು. ನೀವು ನಾಚಿದರೆ ಅವರೂ ನಾಚುತ್ತಾರೆ.

ಆಮೇಲೆ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ, ಇದೇ ಸರದಿಯಲ್ಲಿ:

1. ನೀವೋ ಮನೆಯವರೋ ಹೊರಗೆ ಹೋದಾಗ ಅವಸರವಾದರೆ ಏನು ಮಾಡುತ್ತೀರಿ?
2. ಇಲ್ಲಿ ಒಂದು ಟಾಯ್ಲೆಟ್ ಬಂದರೆ ನಿಮಗೆ ಬರುವ ಮೊದಲ ಚಿಂತೆ ಯಾವುದು?
3. ಈ ಮೂರು ಜಾಗದಲ್ಲಿ ಯಾವುದು ವಾಸಿ, ಯಾವುದು ಬೇಡವೇ ಬೇಡ?
4. ಏನೇನು ಖಾತ್ರಿ ಇದ್ದರೆ ಒಪ್ಪಿಕೊಳ್ಳಬಹುದು?

ಮೊದಲ ಪ್ರಶ್ನೆಗೆ ಮನೆಯ ಕಥೆ ಬರುತ್ತದೆ: ನೀರು ಕುಡಿಯದೆ ಹೊರಡುವ ತಾಯಿ, ವಾಕಿಂಗ್ ಬಿಟ್ಟ ತಂದೆ, ದಾರಿಯಲ್ಲಿ ಚಡ್ಡಿ ಒದ್ದೆಮಾಡಿಕೊಂಡ ಮಗು. ಅಡ್ಡ ಬಾಯಿ ಹಾಕಬೇಡಿ. ಇದು ಬರಿಯ ಸೌಜನ್ಯವಲ್ಲ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಯಾಮಿಯ ಪ್ರಯೋಗ ಲಿಂಗಪರಿವರ್ತಿತರ ಬಗೆಗಿನ ಪೂರ್ವಗ್ರಹವನ್ನು ಕುರಿತದ್ದು. ಬಾಗಿಲಲ್ಲಿ ನಡೆದ ಸುಮಾರು ಹತ್ತು ನಿಮಿಷದ ಮಾತು, ಎದುರಿನವರು ತಮ್ಮದೇ ಅನುಭವ ನೆನೆಯುವಂತೆ ಮಾಡಿದ್ದರಿಂದ, ತಂದ ಬದಲಾವಣೆ ಮೂರು ತಿಂಗಳ ನಂತರವೂ ಉಳಿದಿತ್ತು. ವಿಷಯ ಬೇರೆ, ವಿಧಾನ ಇದೇ.

ಮನೆಯವರು ಅಂಥ ತೊಂದರೆ ನಮಗಿಲ್ಲ ಅಂದರೆ ಒಂದೆರಡು ಸಾಮಾನ್ಯ ಸಂಗತಿ ಹೇಳಬಹುದು. ದೊಡ್ಡವರ ಮೂತ್ರಕೋಶ ಹಿಡಿದಿಡುವುದು ಸುಮಾರು 300ರಿಂದ 500 ಮಿಲಿಲೀಟರ್. ಹೃದಯದ ತೊಂದರೆಗೂ ಕಾಲೂತಕ್ಕೂ ಕೊಡುವ ಫ್ಯೂರೋಸೆಮೈಡ್ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರು ಗಂಟೆ ಮೂತ್ರ ಹೆಚ್ಚಿಸುತ್ತದೆ, ಬೆಳಿಗ್ಗೆ ಅದನ್ನು ನುಂಗಿದವರು ಮಧ್ಯಾಹ್ನದವರೆಗೆ ಮನೆ ಬಿಡಲು ಹೆದರುತ್ತಾರೆ. ಗರ್ಭಿಣಿಯರು, ಮಧುಮೇಹಿಗಳು, ಪ್ರಾಸ್ಟೇಟ್ ಊದಿದ ಗಂಡಸರು, ಕರುಳಿನ ಉರಿಯೂತ ಇರುವವರು, ದಿನವಿಡೀ ರಸ್ತೆಯಲ್ಲಿರುವ ಚಾಲಕರು, ಡೆಲಿವರಿಯವರು, ರಸ್ತೆ ಗುಡಿಸುವವರು. ಪಟ್ಟಿ ಒಪ್ಪಿಸಬೇಡಿ, ಆ ಮನೆಗೆ ಹೊಂದುವ ಒಂದನ್ನು ಆರಿಸಿ. ಶೌಚ ವ್ಯವಸ್ಥೆಯನ್ನು ವಿಶ್ವಸಂಸ್ಥೆ ನೀರಿನೊಂದಿಗೆ 2010ರಲ್ಲಿ ಮಾನವ ಹಕ್ಕೆಂದು ಒಪ್ಪಿತು ಎನ್ನುವ ಮಾತು ಮನವಿಪತ್ರದ ಮೊದಲ ಪ್ಯಾರಾಕ್ಕೆ ಚೆನ್ನ. ಬಾಗಿಲಲ್ಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಮೂಗು ಮುರಿಯುವವರಿಗೆ ಉತ್ತರ

ಎರಡನೇ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಮೊದಲು ವಾಸನೆ, ನಂತರ ‘ಎಂಥೆಂಥವರೋ ಬರುತ್ತಾರೆ’, ನಂತರ ಖರ್ಚು. ‘ಹಾಗೇನೂ ಆಗಲ್ಲ ಬಿಡಿ’ ಎಂಬ ಮಾತು ನಿಮ್ಮ ಬಾಯಲ್ಲಿ ಎಂದಿಗೂ ಬರಬಾರದು. ಆಗುತ್ತದೆ, ಎಷ್ಟೋ ಕಡೆ ಆಗಿದೆ. ಯಾಕೆ ಆಯಿತು, ಆಗದಿರಲು ಏನು ಬೇಕು ಎಂದು ಹೇಳಲು ಬರಬೇಕು.

ವಾಸನೆಯ ಕಾರಣ ಎರಡು. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಟೈಲ್ಸ್ ನಡುವಿನ ಗಾರೆ, ಲೇಪನವಿಲ್ಲದ ಕಾಂಕ್ರೀಟು ಮೂತ್ರ ಹೀರಿಕೊಂಡರೆ ಎಷ್ಟು ತೊಳೆದರೂ ನಾತ ಹೋಗದು. ಇನ್ನೊಂದು, ನೆಲದ ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯಬೇಕು. ದಿನಗಟ್ಟಲೆ ನೀರು ಬೀಳದೆ ಅದು ಒಣಗಿತೆಂದರೆ ಚರಂಡಿಯ ಗಾಳಿ ನೇರ ಒಳಗೆ. ಆದ್ದರಿಂದ ಬೇಕಾದ ಷರತ್ತು: ಹೀರದ ನೆಲ, ಜಾಲರಿಯ ಕಡೆಗೆ ಇಳಿಜಾರು, ಮೇಲೂ ಕೆಳಗೂ ಗಾಳಿಕಿಂಡಿ, ಪ್ರತಿ ಸಲ ತೊಳೆಯುವಾಗ ಜಾಲರಿಗೂ ನೀರು. ಇಷ್ಟು ಬಿಡಿಸಿ ಹೇಳಿದರೆ ಹಠ ಹಿಡಿದವರೂ ‘ಹಾಗಾದರೆ ದಿನಕ್ಕೆ ಎಷ್ಟು ಸಲ ತೊಳೀತಾರೆ?’ ಅನ್ನುವ ಮುಂದಿನ ಪ್ರಶ್ನೆಗೆ ಬರುತ್ತಾರೆ. ಅದು ಒಳ್ಳೆಯ ಪ್ರಶ್ನೆ, ಷರತ್ತಾಗಿ ಬರೆದುಕೊಳ್ಳಿ.

ಎಂಥೆಂಥವರೋ ಬರುವ ಭಯಕ್ಕೆ ಉತ್ತರ ವಿನ್ಯಾಸದಲ್ಲಿಯೂ ಜಾಗದಲ್ಲಿಯೂ ಇದೆ. 2008ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ಹಾಕಿದ ‘ಪೋರ್ಟ್‌ಲ್ಯಾಂಡ್ ಲೂ’ ಒಬ್ಬರೇ ಬಳಸುವ ಸ್ಟೇನ್‌ಲೆಸ್ ಸ್ಟೀಲಿನ ಕೋಣೆ. ಬಾಗಿಲು ನೇರ ಪಾದಚಾರಿ ಮಾರ್ಗಕ್ಕೆ ತೆರೆಯುತ್ತದೆ. ಗೋಡೆಯ ಕೆಳಗೂ ಮೇಲೂ ಓರೆಪಟ್ಟಿಗಳಿರುವುದರಿಂದ ಹೊರಗಿನವರಿಗೆ ಕಾಲು ಎಷ್ಟಿವೆ ಎಂದು ಕಾಣುತ್ತದೆ, ಮೈ ಕಾಣುವುದಿಲ್ಲ, ಶಬ್ದ ಕೇಳುತ್ತದೆ. ಕೈತೊಳೆಯುವ ನಲ್ಲಿ ಹೊರಗೆ, ಕನ್ನಡಿ ಇಲ್ಲ. ಹಾಯಾಗಿ ಕೂರಲು ಆಗದಂತೆ ಬೇಕೆಂದೇ ಮಾಡಿದ್ದು. ಆದರೆ ಸ್ಯಾನ್ ಡಿಯಾಗೋ ನಗರ ಇದೇ ಮಾದರಿಯ ಎರಡನ್ನು ಹಾಕಿ 2016ರಲ್ಲಿ ಒಂದನ್ನು ಕಿತ್ತಿತು, ಪೊಲೀಸ್ ಕರೆಗಳು ಹೆಚ್ಚಿದವು ಎಂದು. ಪೆಟ್ಟಿಗೆ ಒಳ್ಳೆಯದಾದರೆ ಸಾಲದು, ಎಲ್ಲಿಟ್ಟರು, ಯಾರು ನೋಡಿಕೊಂಡರು ಎನ್ನುವುದೂ ಅಷ್ಟೇ ಮುಖ್ಯ. ಜನ ಓಡಾಡುವ, ಬೆಳಕಿರುವ, ಅಂಗಡಿಯ ಕಣ್ಣಿಗೆ ಬೀಳುವ ಜಾಗ ಹುಡುಕಿ. ‘ಯಾರಿಗೂ ಕಾಣದ ಮೂಲೆಯಲ್ಲಿಡಿ’ ಎಂದು ನೆರೆಯವರೇ ಕೇಳುತ್ತಾರೆ. ಅದಕ್ಕೆ ಮಾತ್ರ ಒಪ್ಪಬೇಡಿ. ಮರೆಯಲ್ಲಿಟ್ಟದ್ದು ಹಾಳಾಗುತ್ತದೆ, ಹಾಳಾದ ಮೇಲೆ ಬೈಗುಳ ನಿಮಗೇ.

ಮಾದಕವಸ್ತುವಿನ ಮಾತು ಬಂದಾಗ ಯಾರೋ ನೀಲಿ ದೀಪದ ಸಲಹೆ ಕೊಡುತ್ತಾರೆ. ನೀಲಿ ಬೆಳಕಿನಲ್ಲಿ ರಕ್ತನಾಳ ಕಾಣದು ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಚುಚ್ಚಿಕೊಳ್ಳುವವರು ಕುರುಡಾಗಿ ಚುಚ್ಚಿಕೊಂಡು ಗಾಯ ಹೆಚ್ಚಾಗುತ್ತದೆ, ದೃಷ್ಟಿ ಮಂದವಾದ ಮುದುಕರು ಎಡವುತ್ತಾರೆ. ಸಿರಿಂಜು ಹಾಕುವ ಡಬ್ಬಿ, ಹೊರಗೆ ಜನರ ಕಣ್ಣು, ಸಾಧ್ಯವಾದರೆ ಕೆಲಸದವರು ಇರುವುದು ಮೇಲು. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಶುರುಮಾಡಿದ ‘ಪಿಟ್ ಸ್ಟಾಪ್’ ಶೌಚಾಲಯಗಳಲ್ಲಿ ಮೇಲ್ವಿಚಾರಣೆಗೆ ಆಳಿರುತ್ತಾರೆ, ಜೊತೆಗೆ ಸಿರಿಂಜು ಡಬ್ಬಿಯೂ ನಾಯಿಯ ಕೊಳೆಗೆ ಚೀಲವೂ ಇರುತ್ತವೆ.

ಖರ್ಚಿನ ಬಗ್ಗೆ ಕೆಟ್ಟ ಉದಾಹರಣೆಗಳನ್ನು ನೀವೇ ಮೊದಲು ತೆಗೆಯಿರಿ. ಅವರು ಹೇಗೂ ಮೊಬೈಲಿನಲ್ಲಿ ಹುಡುಕಿ ತೆಗೆಯುತ್ತಾರೆ. ಸಿಯಾಟಲ್ ನಗರ 2004ರಲ್ಲಿ ತಾನೇ ತೊಳೆದುಕೊಳ್ಳುವ ಐದು ಶೌಚಾಲಯ ಹಾಕಿತು, ಅವಕ್ಕೆ ಬಿದ್ದ ಖರ್ಚು ಸುಮಾರು 50 ಲಕ್ಷ ಡಾಲರ್. ಒಳಗೆ ಕಸ ತುಂಬಿ ನೆಲ ತೊಳೆಯುವ ಯಂತ್ರವನ್ನೇ ನಿಲ್ಲಿಸಬೇಕಾಯಿತು. 2008ರಲ್ಲಿ ಐದನ್ನೂ ಆನ್‌ಲೈನ್ ಹರಾಜಿನಲ್ಲಿ ಮಾರಿದಾಗ ಬಂದದ್ದು 12,549 ಡಾಲರ್. ಸ್ಯಾನ್ ಫ್ರಾನ್ಸಿಸ್ಕೊದ ನೋ ವ್ಯಾಲಿಯಲ್ಲಿ ಒಂದೇ ಒಂದು ಶೌಚಾಲಯಕ್ಕೆ 17 ಲಕ್ಷ ಡಾಲರ್ ಅಂದಾಜಾಗಿ 2022ರಲ್ಲಿ ಊರೆಲ್ಲ ನಕ್ಕಿತು, ಕೊನೆಗೆ ದಾನವಾಗಿ ಬಂದ ಸಿದ್ಧ ಕೋಣೆಯನ್ನು ನಿಲ್ಲಿಸಿ 2024ರಲ್ಲಿ ತೆರೆದರು. ಇವೆರಡರಿಂದ ಎರಡು ಪ್ರಶ್ನೆ ಕಲಿತುಕೊಳ್ಳಿ. ಕಟ್ಟಡ ಬಿಟ್ಟು ನೀರು, ಚರಂಡಿ, ವಿದ್ಯುತ್ ಸಂಪರ್ಕಕ್ಕೂ ಅನುಮತಿಗಳಿಗೂ ಎಷ್ಟು? ಮೊದಲ ವರ್ಷದ ನಂತರ ಪ್ರತಿ ವರ್ಷ ತೊಳೆಯಲು, ರಿಪೇರಿಗೆ ಎಷ್ಟು, ಅದು ಯಾವ ಬಾಬ್ತಿನಿಂದ ಬರುತ್ತದೆ? ಎರಡನೆಯದಕ್ಕೆ ಲಿಖಿತ ಉತ್ತರವಿಲ್ಲದ ಶೌಚಾಲಯ ಬೇಡವೆಂದು ನೆರೆಯವರು ಹಟ ಹಿಡಿದರೆ ನೀವೂ ಅವರ ಜೊತೆ ನಿಲ್ಲಿ.

ಕಟ್ಟಲು ಜಾಗವೇ ಇಲ್ಲದ ಕಡೆ ಅಂಗಡಿ ಬಾಗಿಲುಗಳಿಗೆ ಬೇರೆ ಮಾತು ಒಯ್ಯಬೇಕು. ಜರ್ಮನಿಯ ಆಲೆನ್ ಪಟ್ಟಣದಲ್ಲಿ 2000ದ ಹೊತ್ತಿಗೆ ಹುಟ್ಟಿದ ‘ನೆಟ್ಟೆ ಟಾಯ್ಲೆಟ್ಟೆ’ ಪದ್ಧತಿಯಲ್ಲಿ ಹೋಟೆಲು, ಅಂಗಡಿಗಳು ತಮ್ಮ ಟಾಯ್ಲೆಟ್ಟನ್ನು ಗಿರಾಕಿಯಲ್ಲದವರಿಗೂ ಬಿಡುತ್ತವೆ, ಬಾಗಿಲ ಮೇಲೆ ಗುರುತಿನ ಸ್ಟಿಕ್ಕರ್ ಇರುತ್ತದೆ, ತೊಳೆಯುವ ಖರ್ಚಿಗೆ ಆಡಳಿತ ದುಡ್ಡು ಕೊಡುತ್ತದೆ. ಅಂಗಡಿಯವರನ್ನು ಒಪ್ಪಿಸುವಾಗ ದುಡ್ಡಿಗಿಂತ ಮೊದಲು ಸಮಯದ ಮಾತಾಡಿ. ಗಿರಾಕಿ ತುಂಬಿರುವ ಹೊತ್ತಿನಲ್ಲಿ ಸಾಲು ನಿಂತೀತೆಂಬುದೇ ಅವರ ಭಯ. ಇದರ ಕೊರತೆಯನ್ನೂ ಮುಚ್ಚಿಡಬೇಡಿ: ಅಂಗಡಿ ಮುಚ್ಚಿದ ಮೇಲೆ ಟಾಯ್ಲೆಟ್ಟೂ ಇಲ್ಲ, ಮಾಸಿದ ಬಟ್ಟೆಯವರನ್ನು ಬಾಗಿಲಲ್ಲೇ ತಡೆಯುವುದೂ ಉಂಟು.

ಬಳಸುವವರ ಕಡೆಯ ಷರತ್ತುಗಳನ್ನು ನೆರೆಯವರು ಹೇಳುವುದಿಲ್ಲ, ನೀವೇ ಪಟ್ಟಿಗೆ ಸೇರಿಸಿ. ಗಾಲಿಕುರ್ಚಿ ತಿರುಗಲು ಒಳಗೆ ಸುಮಾರು 1,500 ಮಿಲಿಮೀಟರ್ ವ್ಯಾಸದ ಖಾಲಿ ಜಾಗ, ಬಾಗಿಲಿನ ತೆರಪು ಕನಿಷ್ಠ 815 ಮಿಲಿಮೀಟರ್, ಹಿಡಿಕಂಬಿ, ಹೊಸ್ತಿಲಿಲ್ಲದ ಪ್ರವೇಶ, ಮಗುವಿನ ಬಟ್ಟೆ ಬದಲಿಸುವ ಹಲಗೆ, ಮುಟ್ಟಿನ ಪ್ಯಾಡ್ ಹಾಕುವ ಮುಚ್ಚಳದ ಡಬ್ಬಿ, ಚೀಲ ನೇತುಹಾಕುವ ಕೊಕ್ಕೆ. ಕೊಕ್ಕೆ ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಚೀಲ ಒದ್ದೆ ನೆಲದ ಮೇಲೆ, ಇಲ್ಲವೇ ಹಲ್ಲಿನ ನಡುವೆ. ಗಂಡಸರಿಗೆ ಹೆಂಗಸರಿಗೆ ಸಮಸಮ ಕೋಣೆ ಅಂದರೆ ಸಮಾನತೆ ಅಂದುಕೊಳ್ಳಬೇಡಿ. ಹೆಂಗಸರಿಗೆ ಹೊತ್ತು ಹೆಚ್ಚು ಬೇಕು, ಸಾಲು ಅವರ ಕಡೆಯೇ ಬೆಳೆಯುತ್ತದೆ. ಎರಡೇ ಕೋಣೆಗೆ ಜಾಗವಿದ್ದರೆ ಎರಡನ್ನೂ ಒಬ್ಬೊಬ್ಬರೇ ಬಳಸುವ, ಯಾರು ಬೇಕಾದರೂ ಹೋಗಬಹುದಾದ ಕೋಣೆ ಮಾಡುವುದು ಲೇಸು, ಒಂದು ಖಾಲಿ ಬಿದ್ದು ಇನ್ನೊಂದರ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಬರೆದಿಡುವುದು

ಗೇಟು ದಾಟಿದ ಕೂಡಲೇ, ಮುಂದಿನ ಬಾಗಿಲಿಗೆ ಮುಂಚೆ ಬರೆಯಿರಿ. ಮೂರು ಮನೆ ಆದಮೇಲೆ ಯಾರು ಏನೆಂದರು ಎಂಬುದು ಕಲಸುಮೇಲೋಗರ. ಹಾಳೆಯಲ್ಲಿ ಆರು ಅಂಕಣ: ಮನೆ ಸಂಖ್ಯೆ, ಸುತ್ತು, ದಿನಾಂಕ ಮತ್ತು ಹೊತ್ತು, ನಿಲುವು, ಮುಖ್ಯ ಚಿಂತೆ ಅವರದೇ ಮಾತಿನಲ್ಲಿ, ಕೇಳಿದ ಖಾತ್ರಿ. ನಿಲುವಿಗೆ 1ರಿಂದ 5: ಸಭೆಗೆ ಬಂದು ಮಾತಾಡುವವರು 1, ಒಪ್ಪಿದವರು 2, ಷರತ್ತಿನ ಮೇಲೆ ಒಪ್ಪುವವರು 3, ವಿರೋಧಿಗಳು 4, ಸಭೆಗೆ ಬಂದು ವಿರೋಧಿಸುವವರು 5. ಮಾತು ಇಂಪಾಗಿತ್ತೆಂದು 3ರವರನ್ನು 2 ಎಂದು ಬರೆಯುವ ಚಟ ಎಲ್ಲ ಜೋಡಿಗಳಿಗೂ ಇರುತ್ತದೆ. ಬಾಯಿಬಿಟ್ಟು ‘ಸರಿ, ಆಗಲಿ’ ಅಂದರೆ ಮಾತ್ರ 2.

ಕಾಯಿಲೆಯ ವಿಷಯವನ್ನು ಮನೆ ಸಂಖ್ಯೆಯ ಪಕ್ಕ ಎಂದೂ ಬರೆಯಬೇಡಿ. ನಂಬಿ ಹೇಳಿದ ಮಾತು ಅದು. ಬೇಕಿದ್ದರೆ ಬೇರೆ ಹಾಳೆಯಲ್ಲಿ, ಹೆಸರು, ವಿಳಾಸ ಇಲ್ಲದೆ ‘ಮೊದಲ ಸುತ್ತು, ಹಿರಿಯರು, ಮೂತ್ರ ತಡೆಯಲಾಗದು’ ಎಂದಷ್ಟೇ. ಹಾಳೆಗಳ ಫೋಟೋ ಗುಂಪಿನಲ್ಲಿ ಹಂಚಬೇಡಿ.

ಸಹಿಯ ವಿಷಯಕ್ಕೆ ಬಂದರೆ, ಎಲ್ಲೆಲ್ಲಿಂದಲೋ ಬಂದ ಸಾವಿರ ಆನ್‌ಲೈನ್ ಸಹಿಗಿಂತ ಮೊದಲ ಸುತ್ತಿನ ಹತ್ತು ಮನೆಯ ಸಹಿ ಆಯ್ಕೆಯಾದ ಪ್ರತಿನಿಧಿಗೆ ಹೆಚ್ಚು ತಟ್ಟುತ್ತದೆ. ಸಹಿಯ ಪಕ್ಕ ಮನೆಯಿಂದ ಜಾಗಕ್ಕೆ ಎಷ್ಟು ಮೀಟರ್ ಎಂಬ ಅಂಕಣ ಇಡಿ. ಹತ್ತಿರದವರೇ ಬೇಡ ಅನ್ನುತ್ತಿದ್ದಾರೆ ಎಂಬ ನೆಪಕ್ಕೆ ಅದರಲ್ಲೇ ಉತ್ತರವಿದೆ. ಸಹಿ ಕೇಳುವುದು 1 ಮತ್ತು 2ರವರನ್ನು ಮಾತ್ರ. ಮೊದಲ ಭೇಟಿಯಲ್ಲೇ 3ರವರ ಮುಂದೆ ಪೆನ್ನು ಹಿಡಿದರೆ, ಅಷ್ಟು ಹೊತ್ತು ಅವರ ಮಾತು ಕೇಳಿದ್ದು ಸಹಿಗಾಗಿಯೇ ಎಂದಾಗುತ್ತದೆ.

ಎರಡನೇ ಭೇಟಿ

ಇದನ್ನು ಬಿಡುವವರೇ ಹೆಚ್ಚು, ಫಲ ಕೊಡುವುದೂ ಇದೇ. ಮೊದಲ ಸುತ್ತು ಮುಗಿದ ಎರಡು ವಾರದೊಳಗೆ, ಬಂದ ಷರತ್ತುಗಳನ್ನೆಲ್ಲ ಒಂದು ಪುಟಕ್ಕೆ ಇಳಿಸಿ: ತೆರೆಯುವ ಮುಚ್ಚುವ ಹೊತ್ತು, ದಿನಕ್ಕೆ ಎಷ್ಟು ಸಲ ಯಾವ ಯಾವ ಹೊತ್ತಿಗೆ ತೊಳೆಯುವುದು, ಬೀಗ ಹಾಕುವವರು ಯಾರು, ಬಾಗಿಲು ಯಾವ ದಿಕ್ಕಿಗೆ, ದೂರಿಗೆ ಯಾವ ಸಂಖ್ಯೆ, ಎಷ್ಟು ಗಂಟೆಯೊಳಗೆ ಬರಬೇಕು, ಆರು ತಿಂಗಳಿಗೆ ಪರಿಶೀಲನಾ ಸಭೆ. ಅದನ್ನು ಹಿಡಿದು 3, 4ರ ಮನೆಗಳಿಗೆ ಮತ್ತೆ ಹೋಗಿ. ‘ನೀವು ಹೇಳಿದ್ದು ನಾಲ್ಕನೇ ಸಾಲಿನಲ್ಲಿದೆ, ಸರಿಯಾಗಿ ಬರೆದಿದ್ದೇವಾ ನೋಡಿ.’ ತನ್ನ ಮಾತು ಅಚ್ಚಾಗಿರುವುದನ್ನು ನೋಡಿದವರಲ್ಲಿ ಹಲವರು 3ರಿಂದ 2ಕ್ಕೆ ಬರುತ್ತಾರೆ, 4ರವರು ಕಡೇಪಕ್ಷ ಸಭೆಗೆ ಬರುವ ಉತ್ಸಾಹ ಕಳೆದುಕೊಳ್ಳುತ್ತಾರೆ. 5ರವರ ಹಿಂದೆ ಬೀಳಬೇಡಿ. ಒಮ್ಮೆ ಗೌರವದಿಂದ ವಿವರಪತ್ರ ಕೊಟ್ಟು ಬನ್ನಿ, ಸಾಕು.

ಸೇರಿಸಲಾಗದ ಷರತ್ತೂ ಇರುತ್ತದೆ, ‘ಈ ಬಡಾವಣೆಯವರಿಗೆ ಮಾತ್ರ ಕೀಲಿ ಕೊಡಿ’ ಎಂಬಂಥದ್ದು. ಯಾಕೆ ಸೇರಿಸಲಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ ಬನ್ನಿ. ಬಿಟ್ಟದ್ದನ್ನು ಅವರೇ ಕಂಡುಹಿಡಿಯುವುದಕ್ಕಿಂತ ಅದು ವಾಸಿ.

ಈ ಪುಟ, ಎಣಿಕೆಗಳು, ನಕ್ಷೆ, ಸಹಿ, ನಾಲ್ಕೈದು ಕೈಬರಹದ ಪತ್ರ ಸೇರಿಸಿ ಪ್ರತಿನಿಧಿಗೂ ಸಂಬಂಧಪಟ್ಟ ವಿಭಾಗಕ್ಕೂ ಒಂದೇ ದಿನ ಕೊಡಿ, ಸ್ವೀಕೃತಿ ಮುದ್ರೆ ಪಡೆಯಿರಿ. ಸಭೆಯಲ್ಲಿ ಮೊದಲು ಮಾತಾಡುವುದು ನೀವಲ್ಲ, ಮೊದಲ ಸುತ್ತಿನ ಮನೆಯವರೊಬ್ಬರು. ಮೊದಲು ಬೇಡ ಅಂದು ಆಮೇಲೆ ಷರತ್ತಿನ ಮೇಲೆ ಒಪ್ಪಿದವರಾದರೆ ಇನ್ನೂ ಒಳ್ಳೆಯದು. ಎರಡೇ ನಿಮಿಷ, ಷರತ್ತಿನ ಪುಟ ಕೈಯಲ್ಲಿ.

ಶೌಚಾಲಯ ತೆರೆದ ಮೂವತ್ತನೇ ದಿನಕ್ಕೆ ದಿನದರ್ಶಿಯಲ್ಲಿ ಗುರುತು ಹಾಕಿಕೊಳ್ಳಿ. ಅಂದು ಮೊದಲ ಸುತ್ತಿನ ಬಾಗಿಲುಗಳನ್ನು ಅದೇ ಪುಟ ಹಿಡಿದು ಮತ್ತೆ ತಟ್ಟಬೇಕು: ತೊಳೆಯುತ್ತಿದ್ದಾರಾ, ಬೀಗ ಬೀಳುತ್ತಿದೆಯಾ, ದೂರಿನ ಫೋನು ಯಾರಾದರೂ ಎತ್ತುತ್ತಾರಾ. ಎತ್ತದಿದ್ದರೆ ಅಲ್ಲೇ ನಿಂತು ಅವರ ಎದುರಿಗೇ ನೀವು ಫೋನು ಮಾಡಿ.